ನೋಡಿ ಬಂದ ಜಾಗ ನೆನಪಿನಲ್ಲಿ ಉಳಿಯಬೇಕೆಂದರೆ: ಉತ್ತರ ಕನ್ನಡದಲ್ಲಿ ಒಂದು ಗಂಟೆಯನ್ನು ಕಳೆಯುವ ಕ್ರಮ

ಎರಡು ದಿನದಲ್ಲಿ ಶಿರಸಿ, ಯಾಣ, ಗೋಕರ್ಣ, ಕಾರವಾರ ಎಲ್ಲವನ್ನೂ ಸುತ್ತಿ ಬಂದವರನ್ನು ತಿಂಗಳು ಕಳೆದ ಮೇಲೆ ಕೇಳಿ ನೋಡಿ. ಯಾಣದಲ್ಲಿ ಏನು ಕಂಡಿರಿ ಎಂದರೆ ಮೊಬೈಲ್ ತೆಗೆದು ಫೋಟೋ ಹುಡುಕುತ್ತಾರೆ. ಆ ಬಂಡೆ ಮುಟ್ಟಿದರೆ ಹೇಗಿತ್ತು, ದಾರಿಯಲ್ಲಿ ಯಾವ ಸದ್ದಿತ್ತು, ಮಧ್ಯಾಹ್ನ ಊಟಕ್ಕೆ ಏನಿತ್ತು ಎಂದರೆ ಉತ್ತರ ಬರುವುದಿಲ್ಲ. ಅವರೇ ಮುಂದಿನ ಸಲ ನಿಧಾನವಾಗಿ ನೋಡಬೇಕೆಂದು ನಿಶ್ಚಯಿಸಿ ಹೊರಡುತ್ತಾರೆ, ಮತ್ತೆ ಹಾಗೆಯೇ ಬರಿಗೈಲಿ ವಾಪಸಾಗುತ್ತಾರೆ.

ಇದಕ್ಕೆ ಕಾರಣ ಕ್ರಮ ತಪ್ಪುವುದು. ನಿಧಾನ ಎಂದರೆ ಸುಮ್ಮನೆ ಹೆಚ್ಚು ಹೊತ್ತು ನಿಲ್ಲುವುದು ಎಂದುಕೊಂಡು ಸಮುದ್ರದ ದಂಡೆಯಲ್ಲಿ ಎರಡು ತಾಸು ಕೂತವರಿಗೂ ಏನೂ ಉಳಿಯದೇ ಹೋಗಬಹುದು. ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲದ್ದು ನಾಲ್ಕಾರು ಸಂಗತಿ ಮಾತ್ರ. ಎಲ್ಲ ಇಂದ್ರಿಯಗಳೂ ಒಟ್ಟಿಗೆ ನುಗ್ಗಿದರೆ ಕಣ್ಣು ಗೆಲ್ಲುತ್ತದೆ, ಉಳಿದವು ಹಿಂದೆ ಬೀಳುತ್ತವೆ. ಆದ್ದರಿಂದ ಒಂದಾದ ಮೇಲೊಂದು ಬಳಸಬೇಕು, ಕಣ್ಣಿನ ಸರದಿಯನ್ನು ಕೊನೆಗೆ ಇಡಬೇಕು. ಕೆಳಗಿನ ಹಂತಗಳನ್ನು ಮೊದಲ ಸಲ ಇದೇ ಅನುಕ್ರಮದಲ್ಲಿ ಮಾಡಿ.

## ಬೇಕಾದ ಸಾಮಾನು

ಜೇಬಿಗೆ ಹಿಡಿಸುವ ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಪೆನ್ನು ಬೇಡ. ಕರಾವಳಿಯ ತೇವಕ್ಕೆ ಕಾಗದ ಮೆತ್ತಗಾಗಿ ಶಾಯಿ ಹರಡುತ್ತದೆ.

ಕೈಗಡಿಯಾರ ಇರಲೇಬೇಕು. ಗಂಟೆ ನೋಡಲು ಮೊಬೈಲ್ ತೆಗೆದರೆ ಜೊತೆಗೆ ನಾಲ್ಕು ಮೆಸೇಜ್ ಕಣ್ಣಿಗೆ ಬೀಳುತ್ತವೆ, ಅಷ್ಟಕ್ಕೆ ಗಮನ ಹೋಯಿತು. ಕೂರಲು ಒಂದು ಹಳೆ ಟವೆಲ್, ಕುಡಿಯಲು ನೀರು ಇಟ್ಟುಕೊಳ್ಳಿ. ಆ ದಿನ ಸೆಂಟು, ವಾಸನೆಯ ತಲೆ ಎಣ್ಣೆ, ಪೆಪ್ಪರ್‌ಮಿಂಟ್, ಗುಟ್ಕಾ ಯಾವುದೂ ಬೇಡ. ಇವು ಮೂಗನ್ನೂ ನಾಲಗೆಯನ್ನೂ ಮೊದಲೇ ಆವರಿಸಿಬಿಡುತ್ತವೆ.

## ಹಂತ 1: ಪಟ್ಟಿ ಕತ್ತರಿಸಿ

ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ. ಅದಕ್ಕಿಂತ ಹೆಚ್ಚು ಬೇಡ. ಮನೆಯವರು ಒಪ್ಪದಿದ್ದರೆ ಉಳಿದ ಜಾಗಗಳಿಗೂ ಹೋಗಿ ಬನ್ನಿ, ಆದರೆ ಈ ಕ್ರಮವನ್ನು ಒಂದೇ ಕಡೆ ಪೂರ್ತಿಯಾಗಿ ಮಾಡಿ. ನಾಲ್ಕು ಕಡೆ ಅರ್ಧರ್ಧ ಮಾಡಿದರೆ ನಾಲ್ಕೂ ಕಲಸಿಹೋಗುತ್ತವೆ.

ಜಾಗ ಆರಿಸುವಾಗ ಪ್ರಸಿದ್ಧಿ ನೋಡಬೇಡಿ. ಅಲ್ಲಿ ಏನಾದರೂ ಕೆಲಸ ನಡೆಯುತ್ತಿದೆಯೇ, ಒಂದು ಗಂಟೆ ಕೂರಲು ಆಗುತ್ತದೆಯೇ ಎಂದು ನೋಡಿ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರ ಬೇಸಿಗೆಗೆ ಒಳ್ಳೆಯದು, ಮಳೆ ಶುರುವಾದರೆ ಅಲ್ಲಿ ಕೆಲಸ ನಿಲ್ಲುತ್ತದೆ. ಶಿರಸಿ ಸೀಮೆಯ ಅಡಿಕೆ ಅಂಗಳಕ್ಕೆ ಚಳಿಗಾಲವೇ ಸರಿ. ಶಾಲ್ಮಲಾ ನದಿಯ ಸಹಸ್ರಲಿಂಗಕ್ಕೆ ನೀರು ಇಳಿದ ತಿಂಗಳುಗಳಲ್ಲಿ ಹೋಗಬೇಕು, ಮಳೆಗಾಲದಲ್ಲಿ ಕಲ್ಲಿನ ಲಿಂಗಗಳು ನೀರಿನಡಿ ಇರುತ್ತವೆ. ಕಾರವಾರದ ಮೀನುಪೇಟೆಗೆ ಬೆಳಗಿನ ಹೊತ್ತು ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವುದರಿಂದ ಆಗ ಪೇಟೆಯ ಚಹರೆಯೇ ಬೇರೆ.

ಅಘನಾಶಿನಿ ಅಥವಾ ಕಾಳಿ ನದಿಯ ಅಳಿವೆಗೆ ಹೋಗುವವರು ಇಳಿತದ (ಸಮುದ್ರದ ನೀರು ಇಳಿಯುವ) ಹೊತ್ತನ್ನು ಮೊದಲೇ ತಿಳಿದುಕೊಳ್ಳಿ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ನಿನ್ನೆ ಯಾರೋ ಹೇಳಿದ ಸಮಯ ಇವತ್ತಿಗೆ ಸರಿಯಿರುವುದಿಲ್ಲ. ದಂಡೆಯಲ್ಲಿ ಬಲೆ ಸರಿಮಾಡುತ್ತ ಕೂತವರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ.

## ಹಂತ 2: ತಲುಪುವ ಮೊದಲೇ ವೇಗ ಇಳಿಸಿ

ಎಸಿ ಕಾರಿನಿಂದ ಇಳಿದು ನೇರ ಜಾಗದೊಳಗೆ ನುಗ್ಗಬೇಡಿ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುತ್ತಿದ್ದರೆ ಎಸಿ ಆರಿಸಿ, ಕಿಟಕಿ ಇಳಿಸಿ. ಮೇಲಿನ ತಂಪು ಗಾಳಿ ತಿರುವು ತಿರುವಿಗೂ ಬೆಚ್ಚಗಾಗುತ್ತ, ಭಾರವಾಗುತ್ತ ಹೋಗಿ, ಕೆಳಗೆ ಇಳಿದಾಗ ಕುತ್ತಿಗೆಗೆ ಅಂಟುತ್ತದೆ. ಘಟ್ಟದ ಮೇಲು, ಘಟ್ಟದ ಕೆಳಗು ಎಂಬ ಎರಡು ಸೀಮೆಗಳ ವ್ಯತ್ಯಾಸ ಮೈಗೆ ತಿಳಿಯುವುದು ಹೀಗೆ. ಕಿಟಕಿ ಮುಚ್ಚಿದ್ದರೆ ಅದು ಬರೀ ತಿರುವುಗಳ ರಸ್ತೆ.

ಗಾಡಿಯನ್ನು ಸ್ವಲ್ಪ ದೂರದಲ್ಲೇ ನಿಲ್ಲಿಸಿ ಕೊನೆಯ ನೂರಿನ್ನೂರು ಹೆಜ್ಜೆ ಮಾತಾಡದೆ ನಡೆಯಿರಿ. ಮೊಬೈಲನ್ನು ಸೈಲೆಂಟ್ ಮಾಡಿ ಚೀಲದ ತಳಕ್ಕೆ ಹಾಕಿ. ಜೇಬಿನಲ್ಲಿ ಇಟ್ಟುಕೊಂಡರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

## ಹಂತ 3: ಮೊದಲ ಐದು ನಿಮಿಷ ಮೂಗಿಗೆ

ಹೆಚ್ಚಿನವರು ತಪ್ಪುವುದು ಇಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೂಗು ಯಾವ ವಾಸನೆಗೂ ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ. ಮೀನುಪೇಟೆಯ ಒಳಗೆ ಕಾಲಿಟ್ಟಾಗ ಮುಖಕ್ಕೆ ಹೊಡೆದ ವಾಸನೆ ಹತ್ತು ನಿಮಿಷಕ್ಕೆ ಗೊತ್ತೇ ಆಗುವುದಿಲ್ಲ. ಫೋಟೋ ತೆಗೆದು, ಚಾ ಕುಡಿದು, ಆಮೇಲೆ ವಾಸನೆ ಗಮನಿಸುತ್ತೇನೆ ಎಂದರೆ ಅಷ್ಟರಲ್ಲಿ ಅದು ಕೈತಪ್ಪಿರುತ್ತದೆ. ಕಣ್ಣು, ಕಿವಿ, ಚರ್ಮಗಳ ಸುದ್ದಿಯೆಲ್ಲ ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದಕ್ಕೆ ಹೋಗುತ್ತದೆ. ವಾಸನೆಗೆ ಆ ಬಳಸುದಾರಿ ಇಲ್ಲ. ಭಾವನೆ ಮತ್ತು ನೆನಪಿಗೆ ಸಂಬಂಧಿಸಿದ ಅಮಿಗ್ಡಲಾ, ಹಿಪೊಕ್ಯಾಂಪಸ್‌ಗಳಿಗೆ ಅದು ಬಹಳ ಹತ್ತಿರದ ದಾರಿಯಲ್ಲಿ ತಲುಪುತ್ತದೆ. ಅಜ್ಜಿಯ ಪೆಟ್ಟಿಗೆ ತೆರೆದ ಕೂಡಲೇ ಇಡೀ ಮನೆ ನೆನಪಿಗೆ ಬರುವುದು ಇದೇ ಕಾರಣಕ್ಕೆ.

ಮಾಡುವುದು ಹೀಗೆ. ನಿಂತು ಕಣ್ಣು ಮುಚ್ಚಿ. ದೀರ್ಘವಾಗಿ ಎಳೆಯುವುದಕ್ಕಿಂತ ಸಣ್ಣ ಸಣ್ಣದಾಗಿ ಎರಡು ಮೂರು ಸಲ ಮೂಸಿ. ಬಂದ ವಾಸನೆಯನ್ನು ಒಂದೊಂದಾಗಿ ಬಿಡಿಸಿ, ಅದರ ಮೂಲ ಹುಡುಕಿ. ಶಿರಸಿಯ ಅಡಿಕೆ ಮನೆಯಲ್ಲಾದರೆ ಹಂಡೆಯಲ್ಲಿ ಬೇಯುತ್ತಿರುವ ಅಡಿಕೆಯ ಚೊಗರಿನ ಆವಿ, ಒಲೆಯ ಹೊಗೆ, ಆಚೆ ರಾಶಿಬಿದ್ದ ಹಸಿ ಸಿಪ್ಪೆ, ಈ ಮೂರೂ ಬೇರೆ ಬೇರೆ. ಅಘನಾಶಿನಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಇಳಿತದ ಹೊತ್ತು ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಕೊಳಕು ಎಂದು ಮೂಗು ಮುಚ್ಚಬೇಡಿ. ಗಾಳಿಯಾಡದ ಕೆಸರಿನಲ್ಲಿ ಎಲೆ, ತೊಗಟೆ ಕೊಳೆಯುವಾಗ ಬರುವ ವಾಸನೆ ಅದು. ಇದೇ ಕೆಸರಿನ ಬಯಲಿನಲ್ಲಿ ಜನ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ.

ಒಳ್ಳೆಯ ವಾಸನೆ, ಕೆಟ್ಟ ವಾಸನೆ ಎಂದು ಮನಸ್ಸು ತೀರ್ಪು ಕೊಟ್ಟ ಕ್ಷಣ ಮೂಗು ಕೆಲಸ ನಿಲ್ಲಿಸುತ್ತದೆ. ಇದು ಯಾವುದರ ವಾಸನೆ, ಎಲ್ಲಿಂದ ಬರುತ್ತಿದೆ ಎಂಬ ಎರಡು ಪ್ರಶ್ನೆ ಸಾಕು. ವಾಸನೆ ಮರೆಯಾಯಿತು ಅನ್ನಿಸಿದರೆ ಹತ್ತು ಹೆಜ್ಜೆ ಆಚೆ ಹೋಗಿ ಸ್ವಲ್ಪ ಹೊತ್ತು ನಿಂತು ಬನ್ನಿ, ಸ್ವಲ್ಪ ಮಟ್ಟಿಗೆ ಮರಳುತ್ತದೆ.

## ಹಂತ 4: ಕಿವಿ, ಹತ್ತಿರದಿಂದ ದೂರಕ್ಕೆ

ಈಗ ಟವೆಲ್ ಹಾಸಿ ಕೂರಿ. ಕಣ್ಣು ಮುಚ್ಚಿಯೇ ಇರಲಿ. ಮೊದಲು ನಿಮ್ಮ ಮೈಗೆ ತೀರ ಹತ್ತಿರದ ಸದ್ದು ಹುಡುಕಿ. ಆಮೇಲೆ ಕಲ್ಲೆಸೆತದ ದೂರದ್ದು. ಕೊನೆಗೆ ಕೇಳಿಸುವುದರಲ್ಲೇ ಅತಿ ದೂರದ್ದು. ಒಂದೊಂದಕ್ಕೆ ಎರಡು ಮೂರು ನಿಮಿಷ ಕೊಡಿ. ದೂರದ ಸದ್ದಿಗೆ ಕಿವಿ ಚಾಚಿದಾಗ ಮೈ ತಾನಾಗಿ ಅಲುಗಾಡುವುದನ್ನು ನಿಲ್ಲಿಸುತ್ತದೆ, ಆ ಸ್ಥಿತಿಯೇ ನಮಗೆ ಬೇಕಾದದ್ದು.

ಸದ್ದುಗಳ ನಡುವೆ ಯಾವುದು ನಿಂತಿತು ಎಂಬುದನ್ನೂ ಗಮನಿಸಿ. ಶಿರಸಿ ಕಾಡಿನಲ್ಲಿ ಜೀರುಂಡೆಗಳು ಒಮ್ಮೆಲೇ ನಿಲ್ಲುತ್ತವೆ, ಆಗ ಕಾಡಿನ ಉಳಿದ ಸದ್ದುಗಳೆಲ್ಲ ಹೊರಬರುತ್ತವೆ. ರವೀಂದ್ರನಾಥ ಟಾಗೋರರು 1880ರ ದಶಕದ ಆರಂಭದಲ್ಲಿ, ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಇಲ್ಲಿಗೆ ಬಂದಿದ್ದರು. ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ, ರಾತ್ರಿ ಅಳಿವೆಯ ಬಳಿ ಇಳಿದು, ಬೆಳದಿಂಗಳಲ್ಲಿ ಮರಳ ಮೇಲೆ ಮನೆಗೆ ನಡೆದದ್ದನ್ನು ಸುಮಾರು ಮೂರು ದಶಕದ ನಂತರ ಬರೆದರು. ಅಷ್ಟು ವರ್ಷವಾದ ಮೇಲೂ ಅವರಿಗೆ ನೆನಪಿದ್ದ ವಿವರಗಳಲ್ಲಿ ಒಂದು, ಸದಾ ಮರ್ಮರ ಎನ್ನುವ ಗಾಳಿಮರಗಳು ಆ ರಾತ್ರಿ ಸದ್ದಿಲ್ಲದೆ ನಿಂತಿದ್ದವು ಎಂಬುದು. ಇಲ್ಲದ ಸದ್ದನ್ನು ಕೇಳಿಸಿಕೊಳ್ಳಲು ಇರುವ ಸದ್ದು ಮೊದಲು ಕಿವಿಗೆ ಬಿದ್ದಿರಬೇಕು. ದೇವಬಾಗದಲ್ಲೋ ಕಾರವಾರದ ಕಡಲತೀರದಲ್ಲೋ ಗಾಳಿಮರದ ಕೆಳಗೆ ಕೂತು ಕೇಳಿ ನೋಡಿ.

ಇಯರ್‌ಫೋನ್, ಕಾರಿನ ಸ್ಟೀರಿಯೊ, ಜೊತೆಯವರ ಬ್ಲೂಟೂತ್ ಸ್ಪೀಕರ್ ಇದ್ದರೆ ಈ ಹಂತ ಆಗುವುದೇ ಇಲ್ಲ. ಜಾಗ ಬದಲಿಸಿ.

## ಹಂತ 5: ಕೈ ಮತ್ತು ಕಾಲು

ಚಪ್ಪಲಿ ಕಳಚಿ. ಮಿರ್ಜಾನ್ ಕೋಟೆಯ ಚಿರೆಕಲ್ಲಿನ ಗೋಡೆಗೆ ಅಂಗೈ ಒತ್ತಿ, ಬಿಸಿಲು ಬಿದ್ದ ಕಡೆ ಒಮ್ಮೆ, ನೆರಳಿನ ಕಡೆ ಒಮ್ಮೆ. ಚಿರೆಕಲ್ಲಿನ ತೂತುಗಳು ಬೆರಳಿಗೆ ಸಿಗುತ್ತವೆ. ಯಾಣದ ಕಪ್ಪು ಬಂಡೆ ಸುಣ್ಣದಕಲ್ಲು, ಅದರ ಅಂಚು ಚೂಪು, ತಂಪೂ ಬೇರೆ. ಅಲ್ಲಿನ ಭೈರವೇಶ್ವರ ಶಿಖರದ 120 ಮೀಟರ್ ಎತ್ತರವನ್ನು ಕಣ್ಣು ಅಂದಾಜಿಸಲಾರದು, ಬುಡದ ಬಂಡೆಯ ತಂಪನ್ನು ಮಾತ್ರ ಕೈ ಚೆನ್ನಾಗಿ ಇಟ್ಟುಕೊಳ್ಳುತ್ತದೆ.

ಎಚ್ಚರಿಕೆ: ಸಹಸ್ರಲಿಂಗದ ಕಲ್ಲುಗಳ ಮೇಲೆ ಪಾಚಿ ಇದ್ದರೆ ಬರಿಗಾಲೂ ಜಾರುತ್ತದೆ, ಪೂಜೆಗೆ ಸಲ್ಲುವ ಲಿಂಗಗಳ ಮೇಲೆ ಕಾಲಿಡುವುದು ಯಾವಾಗಲೂ ತಪ್ಪು. ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯಬೇಡಿ, ಗೋಕರ್ಣದ ಓಂ ಬೀಚಿನ ಬಂಡೆಗಳ ತುದಿಗೂ ಹೋಗಬೇಡಿ. ಕಣ್ಣು ಮುಚ್ಚುವ ಅಭ್ಯಾಸವನ್ನೆಲ್ಲ ಜಲಪಾತದ ಅಂಚಿನಿಂದ, ಅಲೆ ಮುಟ್ಟುವ ಬಂಡೆಯಿಂದ ದೂರದಲ್ಲೇ ಮಾಡಿ. ಉಪ್ಪಿನ ಆಗರದ ಒಡ್ಡಿನ ಮೇಲೆ ನಡೆಯುವ ಮುಂಚೆ ಅಲ್ಲಿ ಕೆಲಸ ಮಾಡುವವರನ್ನು ಕೇಳಿ. ಒಡ್ಡು ಮಣ್ಣಿನದು, ಕುಸಿದರೆ ಅವರ ಕೆಲಸ ಹಾಳು.

## ಹಂತ 6: ನಾಲಗೆ

ಆ ಜಾಗಕ್ಕೆ, ಆ ತಿಂಗಳಿಗೆ ಸೇರಿದ ಒಂದೇ ಪದಾರ್ಥ ಆರಿಸಿ. ಎಲ್ಲ ಕಡೆ ಸಿಗುವ ಗೋಬಿ ಮಂಚೂರಿ ತಿಂದರೆ ನಾಲಗೆಗೆ ಊರಿನ ಗುರುತು ಇರುವುದಿಲ್ಲ. ಶಿರಸಿ ಕಡೆ ಅಪ್ಪೆಹುಳಿ (ಅಪ್ಪೆ ಮಾವಿನಕಾಯಿಯ ತೆಳು ಸಾರು), ತಂಬುಳಿ. ಆಲೆಮನೆ ನಡೆಯುವ ದಿನಗಳಲ್ಲಿ ತೊಡೆದೇವು ಎಂಬ ತೆಳು ಹಾಳೆಯಂಥ ಸಿಹಿ. ಕರಾವಳಿಯಲ್ಲಿ ಮೀನು ತಿನ್ನುವವರಿಗೆ ಬಂಗಡೆ, ತಿನ್ನದವರಿಗೆ ಮುರುಗಲು ಹಣ್ಣಿನ ಪಾನಕ. ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಶಾಡ್ ಮಾವು.

ಮೊದಲ ಮೂರು ತುತ್ತು ಅಥವಾ ಗುಟುಕು ಮಾತ್ರ ಮೌನವಾಗಿ, ಗಮನವಿಟ್ಟು. ಅಪ್ಪೆಹುಳಿಯನ್ನೇ ತೆಗೆದುಕೊಳ್ಳಿ. ಬಾಯಿಗೆ ತರುವ ಮುಂಚೆ ಇಂಗಿನ ಒಗ್ಗರಣೆ, ಅದರ ಹಿಂದೆಯೇ ಅಪ್ಪೆ ಮಾವಿನ ಘಮ. ನಾಲಗೆಗೆ ಮೊದಲು ತಗಲುವುದು ಹುಳಿ, ಆಮೇಲೆ ಉಪ್ಪು, ಗಂಟಲಲ್ಲಿ ಇಳಿದ ಮೇಲೆ ಮೆಣಸಿನ ಖಾರ. ಈಗ ಮೂಗು ಹಿಡಿದು ಒಂದು ಗುಟುಕು ಕುಡಿಯಿರಿ. ಹುಳಿ, ಉಪ್ಪು, ಖಾರ ಇರುತ್ತವೆ, ಮಾವು ಹೋಗಿರುತ್ತದೆ. ರುಚಿ ಎಂದು ನಾವು ಕರೆಯುವುದರ ದೊಡ್ಡ ಪಾಲು ಮೂಗಿನದು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ, ಅವರು ಇದನ್ನು ಮರೆಯುವುದೂ ಇಲ್ಲ.

ತೊಡೆದೇವು ತಿನ್ನುವವರು ಕಿವಿಯನ್ನೂ ಇಡಿ. ಬೋರಲು ಹಾಕಿದ ಬಿಸಿ ಮಡಕೆಯ ಮೇಲೆ ಬಳಿದು ಎಬ್ಬಿಸಿದ ಆ ಹಾಳೆ ಮುರಿಯುವ ಸದ್ದು ಅದರ ರುಚಿಯ ಭಾಗವೇ. ಮೊದಲು ಒಣದಾಗಿ ಒಂದು ತುಂಡು, ಆಮೇಲೆ ಬಿಸಿ ಹಾಲು, ತುಪ್ಪ ಹಾಕಿ ಒಂದು ತುಂಡು. ನಾಲ್ಕನೇ ತುತ್ತಿನಿಂದ ಹರಟೆ ಹೊಡೆಯುತ್ತ ಹೊಟ್ಟೆ ತುಂಬ ತಿನ್ನಿ.

## ಹಂತ 7: ಕಣ್ಣು, ಆಮೇಲೆ ಮೊಬೈಲ್

ಈಗ ಕಣ್ಣಿನ ಸರದಿ. ಎಡದಿಂದ ಬಲಕ್ಕೆ ನಿಧಾನ ಒಂದು ಸುತ್ತು ನೋಡಿ, ನಂತರ ಒಂದು ಸಣ್ಣ ವಸ್ತುವಿನ ಮೇಲೆ ನಿಲ್ಲಿಸಿ. ಬಲೆಯ ಒಂದು ಗಂಟು, ಲಿಂಗದೆದುರು ಕೆತ್ತಿದ ಬಸವನ ಕುತ್ತಿಗೆ, ಆಗರದ ನೀರಿನ ಮೇಲೆ ಕಟ್ಟುತ್ತಿರುವ ಉಪ್ಪಿನ ಕೆನೆ. ಅದನ್ನು ನೋಟ್‌ಬುಕ್ಕಿನಲ್ಲಿ ಚಿತ್ರ ಮಾಡಿ. ಚಿತ್ರ ಕೆಟ್ಟದಾಗಿ ಬಂದರೂ ನಡೆಯುತ್ತದೆ. ಗೆರೆ ಎಳೆಯಬೇಕಾದರೆ ಕಣ್ಣು ಅಲ್ಲಿ ಏನಿದೆ ಎಂದು ಮತ್ತೆ ಮತ್ತೆ ಕೇಳಬೇಕಾಗುತ್ತದೆ, ಲಾಭ ಇರುವುದು ಆ ಕೇಳುವುದರಲ್ಲಿ.

ಫೋಟೋ ತೆಗೆಯಬಾರದೆಂದು ನಾನು ಹೇಳುವುದಿಲ್ಲ. 2014ರಲ್ಲಿ ಪ್ರಕಟವಾದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ಅವರ ಅಧ್ಯಯನದಲ್ಲಿ ವಸ್ತುಸಂಗ್ರಹಾಲಯ ಸುತ್ತಿದ ವಿದ್ಯಾರ್ಥಿಗಳು ಫೋಟೋ ತೆಗೆದ ವಸ್ತುಗಳನ್ನು ಬರೀ ನೋಡಿದ ವಸ್ತುಗಳಿಗಿಂತ ಕಡಿಮೆ ನೆನಪಿಟ್ಟುಕೊಂಡಿದ್ದರು. ಆದರೆ ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದಾಗ ನೆನಪು ಹಾಗೆ ಕುಂದಲಿಲ್ಲ. ಆದ್ದರಿಂದ ನಿಯಮ ಇಷ್ಟೇ: ಎಲ್ಲ ಇಂದ್ರಿಯಗಳೂ ಮುಗಿದ ಮೇಲೆ, ನೀವು ಚಿತ್ರ ಬರೆದ ಅದೇ ಸಣ್ಣ ವಸ್ತುವಿಗೆ ಹತ್ತಿರ ಹೋಗಿ ಒಂದು ಫೋಟೋ, ಜೊತೆಯವರದ್ದು ಒಂದು. ಮೊಬೈಲ್ ಮತ್ತೆ ಚೀಲಕ್ಕೆ. ಅಲ್ಲೇ ಸ್ಟೇಟಸ್ ಹಾಕಿದರೆ ಉಳಿದ ಹೊತ್ತೆಲ್ಲ ಯಾರು ನೋಡಿದರು ಎಂಬುದರಲ್ಲಿ ಹೋಗುತ್ತದೆ.

## ಹಂತ 8: ಒಂದು ಹೆಸರು ಕೇಳಿ ತಿಳಿಯಿರಿ

ಹೊರಡುವ ಮುಂಚೆ ಅಲ್ಲಿಯವರೊಬ್ಬರನ್ನು ಒಂದು ಪ್ರಶ್ನೆ ಕೇಳಿ. ಮೀನುಪೇಟೆಯಲ್ಲಿ, "ಅಕ್ಕಾ, ಈ ಮೀನಿಗೆ ಏನಂತೀರಿ? ಇದನ್ನ ಹೆಂಗೆ ಮಾಡೂದು?" ಎಂದು ಕೇಳಿದರೆ ನೊಗಲಿ ಯಾವುದು, ತಾರ್ಲೆ ಯಾವುದು ಎಂದು ಕೈಯಲ್ಲಿ ಹಿಡಿದು ತೋರಿಸುತ್ತಾರೆ. ವ್ಯಾಪಾರದ ಭರಾಟೆಯ ಹೊತ್ತು ಬಿಟ್ಟು ಕೇಳಿ, ಸಾಧ್ಯವಾದರೆ ಏನಾದರೂ ಕೊಳ್ಳಿ. ಹೆಸರು ಗೊತ್ತಿಲ್ಲದ ವಸ್ತುವನ್ನು ನೆನಪಿನಿಂದ ಕರೆಯುವುದು ಕಷ್ಟ. ಹೆಸರಿನ ಜೊತೆ ಹೇಳಿದವರ ದನಿಯೂ ಉಳಿಯುತ್ತದೆ.

ಗಂಟೆ ಮುಗಿಯಿತು. ಈಗ ಮತ್ತೆ ನೋಟ್‌ಬುಕ್ ತೆಗೆದು ವಾಸನೆ, ಸದ್ದು, ಸ್ಪರ್ಶ, ರುಚಿ, ನೋಟ, ಹೆಸರು ಒಂದೊಂದಕ್ಕೆ ಒಂದು ಸಾಲು ಬರೆಯಿರಿ. "ಚೆನ್ನಾಗಿತ್ತು", "ಸೂಪರ್", "ಅದ್ಭುತ" ಎಂಬ ಪದಗಳು ಸಾಲಿನಲ್ಲಿ ಬಂದರೆ ಹೊಡೆದುಹಾಕಿ, ಏನಿತ್ತು ಎಂದು ಬರೆಯಿರಿ. ಹೊಡೆದ ಮೇಲೆ ಬರೆಯಲು ಏನೂ ಉಳಿಯದಿದ್ದರೆ ಆ ಇಂದ್ರಿಯಕ್ಕೆ ಮರಳಿ ಐದು ನಿಮಿಷ ಕೊಡಿ. ಜಾಗ ಇನ್ನೂ ಎದುರಿಗೇ ಇದೆ.

## ತಪ್ಪುತ್ತಿದೆ ಎಂದು ತಿಳಿಯುವುದು ಹೇಗೆ

ಕೂತಲ್ಲೇ ಮುಂದಿನ ಜಾಗಕ್ಕೆ ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂದು ಲೆಕ್ಕ ಹಾಕುತ್ತಿದ್ದರೆ ಪಟ್ಟಿ ಇನ್ನೂ ಉದ್ದವಿದೆ, ಹಂತ 1ಕ್ಕೆ ಮರಳಿ. ಗಮನಿಸುತ್ತಿರುವಾಗಲೇ ಇದನ್ನು ಯಾರಿಗೆ ಹೇಗೆ ಹೇಳಲಿ ಎಂದು ವಾಕ್ಯ ಕಟ್ಟುತ್ತಿದ್ದರೆ ಮನಸ್ಸು ಅಲ್ಲಿಲ್ಲ. ರಾತ್ರಿ ನೆನೆಸಿಕೊಂಡಾಗ ನೀವೇ ತೆಗೆದ ಫೋಟೋದ ಚೌಕಟ್ಟು ಮಾತ್ರ ಕಣ್ಣಿಗೆ ಬಂದರೆ ಮೊಬೈಲ್ ಬೇಗ ಹೊರಬಂದಿದೆ. ಹಸಿವು, ನಿದ್ದೆಗೇಡು, ತಲೆನೋವು ಇದ್ದರೆ ಒಂದು ಗಂಟೆ ಎಳೆಯಬೇಡಿ. ಮೂಗು ಮತ್ತು ಕಿವಿಯ ಹಂತ ಮಾತ್ರ ಮಾಡಿ ಹೊರಡಿ.

ಗುಂಪಿನಲ್ಲಿ ಬಂದವರು ಒಬ್ಬೊಬ್ಬರಿಗೆ ಒಂದು ಇಂದ್ರಿಯ ಹಂಚಿಕೊಳ್ಳಿ. ಅಪ್ಪನಿಗೆ ಕಿವಿ, ಮಗಳಿಗೆ ಮೂಗು, ಅಜ್ಜಿಗೆ ನಾಲಗೆ. ಮಕ್ಕಳಿಗೆ ಇದು ಆಟ, ದೊಡ್ಡವರು ಪಟ್ಟುಹಿಡಿದು ಪಾಠ ಮಾಡದಿದ್ದರೆ ಸರಿ.

## ಹಂತ 9: ಅದೇ ರಾತ್ರಿ, ಏನೂ ನೋಡದೆ

ಮಲಗುವ ಮುಂಚೆ ಹತ್ತು ನಿಮಿಷ. ಫೋಟೋ, ನೋಟ್‌ಬುಕ್ ಎರಡೂ ಮುಚ್ಚಿರಲಿ. ಗಾಡಿಯಿಂದ ಇಳಿದ ಜಾಗದಿಂದ ಶುರುಮಾಡಿ ಮನಸ್ಸಿನಲ್ಲೇ ಮತ್ತೆ ನಡೆಯಿರಿ. ಗುಂಪಿನವರು ತಮ್ಮ ತಮ್ಮ ಇಂದ್ರಿಯದ ಸುದ್ದಿಯನ್ನು ಊಟದ ಹೊತ್ತಿಗೆ ಬಾಯಿಬಿಟ್ಟು ಹೇಳಲಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಸ್ವಲ್ಪ ನಿಂತು ಹುಡುಕಿ, ಕೂಡಲೇ ಪುಸ್ತಕ ತೆರೆಯಬೇಡಿ. ಹುಡುಕಾಟವೇ ನೆನಪನ್ನು ಗಟ್ಟಿಮಾಡುತ್ತದೆ. ಕೊನೆಗೆ ನೋಟ್‌ಬುಕ್ ತೆರೆದು ತಾಳೆ ನೋಡಿ.

ಆಮೇಲೆ ನಿದ್ದೆ. ಹಗಲಿನ ಅನುಭವ ಗಟ್ಟಿಯಾಗುವ ಕೆಲಸದ ದೊಡ್ಡ ಭಾಗ ನಡೆಯುವುದು ನಿದ್ದೆಯಲ್ಲಿ. ರಾತ್ರಿ ಎರಡರವರೆಗೆ ರೀಲ್ಸ್ ನೋಡಿದರೆ ಹಗಲಿನ ಶ್ರಮ ವ್ಯರ್ಥ.

## ಹಂತ 10: ಮರುದಿನ, ಒಂದು ವಾರ, ಒಂದು ತಿಂಗಳು

ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದಂತೆ ಮರೆವು ಅತಿ ವೇಗವಾಗಿ ಇರುವುದು ಮೊದಲ ಕೆಲವು ತಾಸು ಮತ್ತು ಮೊದಲ ದಿನದಲ್ಲಿ. ಆದ್ದರಿಂದ ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೆನೆಯುವುದನ್ನು ತಪ್ಪಿಸಬೇಡಿ. ನಂತರ ವಾರ ಕಳೆದ ಮೇಲೊಮ್ಮೆ, ತಿಂಗಳು ಕಳೆದ ಮೇಲೊಮ್ಮೆ ಸಾಕು. ಪ್ರತಿ ಸಲವೂ ಮೊದಲು ನೆನೆಯುವುದು, ಆಮೇಲೆ ಪುಸ್ತಕ. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗದಲ್ಲಿ ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಂದು ವಾರದ ನಂತರ ಮುಂದಿದ್ದವರು ಓದಿದ್ದನ್ನು ನೋಡದೆ ನೆನೆಸಿಕೊಂಡವರು. ಗ್ಯಾಲರಿ ತೆರೆದು ಫೋಟೋ ಸವರುವುದು ಮತ್ತೆ ಓದಿದ ಹಾಗೆ, ಆ ಕ್ಷಣಕ್ಕೆ ಎಲ್ಲ ನೆನಪಿದೆ ಅನ್ನಿಸುತ್ತದೆ.

ಫೆಬ್ರುವರಿ, ಮಾರ್ಚ್‌ನಲ್ಲಿ ಕರಾವಳಿಗೆ ಬಂದವರು ಒಂದು ಸುರಗಿ ಹೂವಿನ ದಂಡೆ ಕೊಂಡು ಹೋಗಿ. ನೆರಳಿನಲ್ಲಿ ಒಣಗಿಸಿ, ಚೆನ್ನಾಗಿ ಮುಚ್ಚುವ ಡಬ್ಬಿಯಲ್ಲಿ ಹಾಕಿಡಿ. ಒಣಗಿದ ಮೇಲೂ ಅದರ ಘಮ ಬಹುಕಾಲ ಇರುತ್ತದೆ. ತಿಂಗಳ ನೆನೆಯುವ ದಿನ ಮಾತ್ರ ತೆರೆದು ಮೂಸಿ. ಅದನ್ನು ಬಟ್ಟೆಯ ಕಪಾಟಿನಲ್ಲಿಟ್ಟು ದಿನಾ ಮೂಸಿದರೆ ಆ ವಾಸನೆ ಕಪಾಟಿನದಾಗುತ್ತದೆ, ಕರಾವಳಿಯದಾಗಿ ಉಳಿಯುವುದಿಲ್ಲ. ಊದುಬತ್ತಿ, ನ್ಯಾಫ್ತಲಿನ್ ಗುಳಿಗೆಯ ಹತ್ತಿರವೂ ಇಡಬೇಡಿ.

## ಇಲ್ಲಿಯವರೇ ಆಗಿದ್ದರೆ

ಶಿರಸಿಯ ದೇವಿಕೆರೆಯ ಬದಿಯಲ್ಲಿ ದಿನಾ ಹಾಯುವವರಿಗೆ, ಕೋಡಿಬಾಗದಿಂದ ಕಾರವಾರ ಪೇಟೆಗೆ ದಿನಾ ಬರುವವರಿಗೆ ಹೊಸ ಜಾಗ ಬೇಕಿಲ್ಲ. ಒಂದೇ ಸ್ಥಳ ಹಿಡಿದು ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಒಂದೊಂದು ಗಂಟೆ ಮಾಡಿ. ಎರಡನೇ ಸಲ ಹೋದಾಗ ಹಿಂದಿನ ಪುಟ ತೆರೆಯುವ ಮುಂಚೆ ಅದೇ ಕಲ್ಲಿನ ಮೇಲೆ, ಅದೇ ದಿಕ್ಕಿಗೆ ಮುಖ ಮಾಡಿ ಕೂತು ನೆನೆಯಿರಿ. ನೀರಿನಡಿ ಕಲಿತ ಪದಗಳು ಮುಳುಗುಗಾರರಿಗೆ ನೀರಿನಡಿಯೇ ಹೆಚ್ಚು ನೆನಪಾದವು ಎಂದು 1975ರಲ್ಲಿ ಮನೋವಿಜ್ಞಾನಿಗಳಾದ ಗಾಡೆನ್ ಮತ್ತು ಬ್ಯಾಡ್‌ಲಿ ಕಂಡುಕೊಂಡಿದ್ದರು. ಹಾಗೆಯೇ ಮನೆಯಲ್ಲಿ ಕೂತು ಎಷ್ಟು ಹುಡುಕಿದರೂ ಸಿಗದ ವಿವರ ಅಲ್ಲಿ ಕೂತಾಗ ಸಿಗಬಹುದು.

ಸಿಕ್ಕಿದ್ದನ್ನು ಹಳೆಯ ಸಾಲಿನ ಎದುರಿಗೆ ಬರೆಯಿರಿ, ಹಳೆಯದನ್ನು ತಿದ್ದಬೇಡಿ. ಬದಲಾದದ್ದಕ್ಕೆ ಬೇರೆ ಸಾಲು, ತಾರೀಕು, ಹೊತ್ತು ಹಾಕಿ. ಮಳೆಗಾಲದ ಸರದಿಗೆ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಒಯ್ಯಿರಿ, ಘಟ್ಟದ ಮೇಲಾದರೆ ಉಂಬಳ (ರಕ್ತ ಹೀರುವ ಜಿಗಣೆ) ಹತ್ತದಂತೆ ಕಾಲಿಗೆ ಸುಣ್ಣವನ್ನೋ ಹೊಗೆಸೊಪ್ಪನ್ನೋ ಹಚ್ಚಿಕೊಂಡು ಕೂರಿ. ಅದರ ವಾಸನೆ ಜೋರು, ಆದ್ದರಿಂದ ಹಚ್ಚುವ ಕೆಲಸ ಮೂಗಿನ ಹಂತ ಮುಗಿದ ಮೇಲೆ ಇರಲಿ.